ಎಫ್‌ಟಿಪಿಯಲ್ಲಿ ಫೈಲ್ ಎಲ್ಲ ಇಳಿಸಿಕೊಂಡೆವು, ಬ್ಯಾಕಪ್ ಆದ ಹಾಗೆಯೇ?

ಪ್ರಶ್ನೆ: ನಾನು, ನಮ್ಮಣ್ಣ ಸೇರಿ ಸಾಗರದಿಂದ ತಾಳಮದ್ದಲೆಯ ಧ್ವನಿಮುದ್ರಣ, ಫೋಟೋ, ಲೇಖನಗಳ ಒಂದು ವೆಬ್‌ಸೈಟ್ ನಡೆಸುತ್ತಿದ್ದೇವೆ. ವರ್ಡ್‌ಪ್ರೆಸ್‌ನಲ್ಲಿದೆ. ಮಾಡಿಕೊಟ್ಟ ಹುಡುಗ ಈಗ ಊರಲ್ಲಿಲ್ಲ, ಎಫ್‌ಟಿಪಿ ಹೆಸರು, ಪಾಸ್‌ವರ್ಡ್ ಬರೆದ ಚೀಟಿ ಕೊಟ್ಟು ಹೋಗಿದ್ದಾನೆ. ಹೋಸ್ಟಿಂಗ್ ಕಂಪನಿ ಬದಲಾಯಿಸುವ ಮುಂಚೆ ಬ್ಯಾಕಪ್ ಮಾಡೋಣ ಅಂತ ಎಫ್‌ಟಿಪಿಯಲ್ಲಿ ಸರ್ವರಿನಿಂದ ಫೈಲ್ ಸಾಗಿಸುವ ಫೈಲ್‌ಜಿಲ್ಲಾ ಅನ್ನುವ ಪ್ರೋಗ್ರಾಮ್ ಹಾಕಿಕೊಂಡು, ಸೈಟಿನ ಫೈಲ್‌ಗಳಿರುವ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರನ್ನು ಪೂರ್ತಿ ಲ್ಯಾಪ್‌ಟಾಪಿಗೆ ಎಳೆದೆವು. ಎರಡು ರಾತ್ರಿ ಓಡಿತು. ಕೊನೆಗೆ ಕೆಳಗೆ ‘ಫೇಲ್ಡ್ ಟ್ರಾನ್ಸ್‌ಫರ್ಸ್ 312’ ಅಂತ ತೋರಿಸುತ್ತಿದೆ. ಇಷ್ಟಾದರೆ ಸಾಕೇ? ಕನ್ನಡದಲ್ಲಿ ಹೆಸರಿಟ್ಟ ಕೆಲವು ಫೋಟೋಗಳು ಸೈಟಿನಲ್ಲಿ ಕಾಣುವುದಿಲ್ಲ, ಅವನ್ನು ಅಣ್ಣ ತನ್ನ ಹಳೇ ಮ್ಯಾಕ್‌ನಿಂದ ಎಫ್‌ಟಿಪಿಯಲ್ಲಿ ಹಾಕಿದ್ದು. ಎಫ್‌ಟಿಪಿ ಸೇಫ್ ಅಲ್ಲ ಅಂತಲೂ ಒಬ್ಬರು ಹೇಳಿದರು. ಹೌದಾ?

ಉತ್ತರ: ಮೊದಲು ಸಮಾಧಾನದ ಮಾತು. ನಿಮ್ಮ ಸೈಟ್ ಸರ್ವರಿನಲ್ಲಿ ಹಾಗೇ ಇದೆ. ಇಳಿಸಿಕೊಂಡಿದ್ದರಿಂದ ಅಲ್ಲಿ ಏನೂ ಹಾಳಾಗಿಲ್ಲ. ಆದರೆ ನಿಮ್ಮ ಕೈಗೆ ಈಗ ಬಂದಿರುವುದು ಅರ್ಧ ಸೈಟ್. ಆ 312 ಫೈಲೂ ಬಂದುಬಿಟ್ಟರೂ ಅದು ಅರ್ಧವೇ, ಯಾಕೆಂದರೆ ನೀವಿಬ್ಬರೂ ಬರೆದ ಲೇಖನಗಳಲ್ಲಿ ಒಂದೇ ಒಂದೂ ಆ ಫೋಲ್ಡರಿನಲ್ಲಿ ಇಲ್ಲ. ಅದು ಎಲ್ಲಿದೆ ಅಂತ ಮುಂದೆ ಹೇಳುತ್ತೇನೆ. ಅಲ್ಲಿವರೆಗೆ ಹಳೇ ಹೋಸ್ಟಿಂಗ್ ರದ್ದು ಮಾಡಬೇಡಿ. ಅವಧಿ ಮುಗಿಯುತ್ತಾ ಬಂದಿದ್ದರೆ ಇನ್ನೊಂದು ತಿಂಗಳ ದುಡ್ಡು ಕಟ್ಟಿಯಾದರೂ ಉಳಿಸಿಕೊಳ್ಳಿ.

ಈಗ ಆ 312. ಫೈಲ್‌ಜಿಲ್ಲಾವನ್ನು ಇನ್ನೂ ಮುಚ್ಚಿಲ್ಲ ಅಂದುಕೊಳ್ಳುತ್ತೇನೆ. ಕೆಳಗಿನ ‘ಫೇಲ್ಡ್ ಟ್ರಾನ್ಸ್‌ಫರ್ಸ್’ ಮೇಲೆ ಒತ್ತಿ, ಪಟ್ಟಿಯ ಮೇಲೆ ಬಲಗಡೆ ಕ್ಲಿಕ್ ಮಾಡಿ, ‘ರೀಸೆಟ್ ಅಂಡ್ ರೀಕ್ಯೂ ಆಲ್’ ಅಂತ ಇರುತ್ತದೆ, ಅದನ್ನು ಆರಿಸಿ. ಫೈಲ್‌ಗಳೆಲ್ಲ ಮತ್ತೆ ಸರದಿಗೆ ಬರುತ್ತವೆ. ಆಮೇಲೆ ‘ಪ್ರೋಸೆಸ್ ಕ್ಯೂ’ ಕೊಡಿ. ಇದನ್ನು ಎರಡು ಮೂರು ಸಲ ಮಾಡಿದರೆ ಹೆಚ್ಚಿನವು ಸುಮ್ನೆ ಬಂದುಬಿಡುತ್ತವೆ. ಅವು ಬಿದ್ದುಹೋಗಿದ್ದಕ್ಕೆ ದೊಡ್ಡ ಕಾರಣ ಏನೂ ಇರುವುದಿಲ್ಲ, ನಡುರಾತ್ರಿ ನೆಟ್ ಒಂದು ಗಳಿಗೆ ಹೋಗಿರುತ್ತದೆ, ಇಲ್ಲವೇ ಒಬ್ಬರೇ ಇಷ್ಟೊಂದು ಕನೆಕ್ಷನ್ ತೆಗೆಯುತ್ತಿದ್ದಾರೆ ಅಂತ ಸರ್ವರ್ ಬಾಗಿಲು ಹಾಕಿರುತ್ತದೆ.

ಎಷ್ಟು ಸಲ ಮಾಡಿದರೂ ಬಾರದೆ ಉಳಿಯುವ ಹತ್ತಿಪ್ಪತ್ತು ಫೈಲ್ ಇರುತ್ತವಲ್ಲ, ಅವನ್ನು ಬಿಡಬೇಡಿ. ಮೇಲಿನ ಸಂದೇಶದ ಕಿಟಕಿಯಲ್ಲಿ ಕೆಂಪು ಅಕ್ಷರದ ಎರರ್ ಸಾಲಿನ ಮೇಲೆ ‘ರೆಸ್ಪಾನ್ಸ್’ ಅನ್ನುವ ಸಾಲಿನಲ್ಲಿ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. 421 ಅಂದರೆ ಸಾಮಾನ್ಯವಾಗಿ ಸರ್ವರ್ ಸದ್ಯಕ್ಕೆ ಆಗುವುದಿಲ್ಲ ಅನ್ನುತ್ತಿದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿ. 530 ಅಂದರೆ ಲಾಗಿನ್ ಆಗಿಲ್ಲ. 550 ಅಂದರೆ ಆ ಫೈಲ್ ಅಲ್ಲಿ ಇಲ್ಲ, ಅಥವಾ ಅದನ್ನು ಓದುವ ಅನುಮತಿ ನಿಮಗಿಲ್ಲ. 426 ಅಂದರೆ ಮಧ್ಯದಲ್ಲೇ ಕನೆಕ್ಷನ್ ಕಡಿದುಹೋಗಿದೆ. ಈ ನಂಬರ್ ನೋಡಿಕೊಂಡರೆ ಅರ್ಧ ರೋಗ ಗೊತ್ತಾದ ಹಾಗೆ. ಎಷ್ಟೋ ಜನ ಕೆಂಪು ಸಾಲು ಕಂಡ ತಕ್ಷಣ ಗಾಬರಿಯಾಗಿ ಪ್ರೋಗ್ರಾಮ್ ಮುಚ್ಚುತ್ತಾರೆ, ಉತ್ತರ ಅದರ ಪಕ್ಕದಲ್ಲೇ ಇರುತ್ತದೆ.

ಇನ್ನೊಂದು ಜಾತಿಯ ಎಡವಟ್ಟು ಇದೆ, ಅದು ಫೇಲ್ ಅಂತ ತೋರಿಸುವುದೇ ಇಲ್ಲ. ಸರ್ವರಿನಲ್ಲಿ ಇರುವುದು ಲಿನಕ್ಸ್. ಅಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಡಾಟ್ ಜೆಪಿಜಿ ಅನ್ನುವುದು ದೊಡ್ಡಕ್ಷರದಲ್ಲಿರುವ ಒಂದು ಫೋಟೋ, ಸಣ್ಣಕ್ಷರದಲ್ಲಿರುವ ಅದೇ ಹೆಸರಿನ ಇನ್ನೊಂದು ಫೋಟೋ ಎರಡೂ ಒಂದೇ ಫೋಲ್ಡರಿನಲ್ಲಿ ಹಾಯಾಗಿ ಇರಬಹುದು. ನಿಮ್ಮ ವಿಂಡೋಸ್ ಲ್ಯಾಪ್‌ಟಾಪಿಗೆ ಅವೆರಡೂ ಒಂದೇ ಹೆಸರು. ಒಂದು ಇಳಿಯುತ್ತದೆ, ಇನ್ನೊಂದು ಅದರ ಮೇಲೇ ಬಂದು ಕೂರುತ್ತದೆ. ಹಾಗೆಯೇ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಅಥವಾ ಎರಡು ಚುಕ್ಕಿಯ ಕೋಲನ್ ಇದ್ದರೆ ವಿಂಡೋಸ್ ಒಪ್ಪುವುದಿಲ್ಲ, ಫೈಲ್‌ಜಿಲ್ಲಾ ಆ ಜಾಗದಲ್ಲಿ ಅಡ್ಡಗೆರೆ ಹಾಕಿ ಉಳಿಸುತ್ತದೆ. ಫೈಲ್ ಬಂತು, ಹೆಸರು ಬದಲಾಯಿತು. ನಾಳೆ ವಾಪಸ್ ಹಾಕಿದಾಗ ಸೈಟ್ ಹಳೇ ಹೆಸರನ್ನು ಹುಡುಕುತ್ತದೆ, ಸಿಗುವುದಿಲ್ಲ.

ಹಾಗಾಗಿ ಫೋಲ್ಡರನ್ನು ಹಾಗೆ ಹಾಗೇ ಎಳೆಯುವ ಬದಲು ಸರ್ವರಿನಲ್ಲೇ ಒಂದು ಜಿಪ್ ಕಟ್ಟಿ, ಆ ಒಂದೇ ಫೈಲ್ ಇಳಿಸಿಕೊಳ್ಳಿ ಅಂತ ನಾನು ಯಾವಾಗಲೂ ಹೇಳುವುದು. ಹೋಸ್ಟಿಂಗ್‌ನವರು ಸೈಟ್ ನೋಡಿಕೊಳ್ಳಲು ಕೊಡುವ ಸಿಪ್ಯಾನೆಲ್ ಅನ್ನುವ ಪುಟ ಇದ್ದರೆ ಅದರ ಫೈಲ್ ಮ್ಯಾನೇಜರ್‌ನಲ್ಲಿ ಫೋಲ್ಡರ್ ಆರಿಸಿ ‘ಕಂಪ್ರೆಸ್’ ಕೊಟ್ಟರೆ ಆಯಿತು. ವೇಗದಲ್ಲೂ ಭಾರೀ ವ್ಯತ್ಯಾಸ. ಎಫ್‌ಟಿಪಿ ಎರಡು ಕನೆಕ್ಷನ್ನಿನಲ್ಲಿ ಕೆಲಸ ಮಾಡುತ್ತದೆ. ಒಂದು ಮಾತಾಡುವುದಕ್ಕೆ, ಅದು ಕೊನೆವರೆಗೂ ತೆರೆದೇ ಇರುತ್ತದೆ. ಇನ್ನೊಂದು ಸಾಮಾನು ಸಾಗಿಸುವುದಕ್ಕೆ, ಅದು ಒಂದೊಂದು ಫೈಲಿಗೂ ಹೊಸದಾಗಿ ತೆರೆದು ಮುಚ್ಚಬೇಕು. ಇಟ್ಟಿಗೆ ಸಾಗಿಸುವಾಗ ಒಂದೊಂದು ಇಟ್ಟಿಗೆಗೂ ಲಾರಿ ಹೋಗಿ ಬಂದ ಹಾಗೆ. ನೀವು ಹಾಕಿದ ಒಂದು ಫೋಟೋಗೆ ವರ್ಡ್‌ಪ್ರೆಸ್ ಚಿಕ್ಕದು, ಮಧ್ಯಮ, ದೊಡ್ಡದು ಅಂತ ನಾಲ್ಕಾರು ಅಳತೆಯ ಪ್ರತಿ ಮಾಡಿ ಇಟ್ಟಿರುತ್ತದೆ, ಹಾಗಾಗಿ ಸಾವಿರ ಫೋಟೋ ಹಾಕಿದವರ ಫೋಲ್ಡರಿನಲ್ಲಿ ಐದಾರು ಸಾವಿರ ಫೈಲ್ ಇರುವುದು ಮಾಮೂಲು. ನಿಮಗೆ ಎರಡು ರಾತ್ರಿ ಹಿಡಿದಿದ್ದು ಅದಕ್ಕೇ.

ಜಿಪ್ ಇಳಿಸಿಕೊಂಡ ಮೇಲೆ ಒಂದು ಕೆಲಸ ಮರೆಯಲೇಬೇಡಿ. ಸರ್ವರಿನಲ್ಲಿರುವ ಆ ಜಿಪ್ ಅಳಿಸಿ. ಪಬ್ಲಿಕ್ ಎಚ್‌ಟಿಎಂಎಲ್ ಒಳಗೆ ‘ಬ್ಯಾಕಪ್ ಡಾಟ್ ಜಿಪ್’ ಅಂತ ಬಿಟ್ಟರೆ, ಆ ವಿಳಾಸ ಊಹಿಸಿದ ಯಾರು ಬೇಕಾದರೂ ಅದನ್ನು ಇಳಿಸಿಕೊಳ್ಳಬಹುದು. ಅದರೊಳಗೆ ನಿಮ್ಮ ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲೂ ಇರುತ್ತದೆ. ಇಂಥ ಹೆಸರುಗಳನ್ನೇ ಹುಡುಕಿಕೊಂಡು ತಿರುಗುವ ಪ್ರೋಗ್ರಾಮ್‌ಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಆಗುವುದಾದರೆ ಜಿಪ್ಪನ್ನು ಪಬ್ಲಿಕ್ ಎಚ್‌ಟಿಎಂಎಲ್‌ನಿಂದ ಒಂದು ಮೆಟ್ಟಿಲು ಮೇಲಿನ ಫೋಲ್ಡರಿನಲ್ಲಿ ಕಟ್ಟಿ, ಅಲ್ಲಿಗೆ ಬ್ರೌಸರಿನಿಂದ ಯಾರೂ ಬರಲಾಗುವುದಿಲ್ಲ.

ಲೇಖನಗಳ ವಿಷಯಕ್ಕೆ ಬರುತ್ತೇನೆ. ವರ್ಡ್‌ಪ್ರೆಸ್ ಸೈಟ್ ಎರಡು ಕಡೆ ವಾಸ ಮಾಡುತ್ತದೆ. ಫೋಟೋ, ಆಡಿಯೋ, ಥೀಮ್, ಪ್ಲಗಿನ್ ಇವೆಲ್ಲ ಫೈಲ್‌ಗಳು, ಇವು ಎಫ್‌ಟಿಪಿಗೆ ಕಾಣುತ್ತವೆ. ಲೇಖನ, ಶೀರ್ಷಿಕೆ, ಓದುಗರ ಅಭಿಪ್ರಾಯ, ಯಾವ ಫೋಟೋ ಯಾವ ಲೇಖನಕ್ಕೆ ಸೇರಿದ್ದು ಅನ್ನುವ ಲೆಕ್ಕ, ಇವೆಲ್ಲ ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ. ಎಫ್‌ಟಿಪಿ ಅಲ್ಲಿಗೆ ಹೋಗುವುದೇ ಇಲ್ಲ. ಮನೆ ಖಾಲಿ ಮಾಡುವಾಗ ಪಾತ್ರೆ ಪಗಡೆ ಎಲ್ಲ ತಂದು, ಬ್ಯಾಂಕ್ ಲಾಕರಿನಲ್ಲಿರುವ ಪತ್ರಗಳನ್ನು ಮರೆತ ಹಾಗಾಗುತ್ತದೆ. ವರ್ಷಗಟ್ಟಲೆ ಎಫ್‌ಟಿಪಿಯಲ್ಲಿ ‘ಬ್ಯಾಕಪ್’ ಮಾಡಿ, ಸೈಟ್ ಹೋದ ದಿನ ಒಂದು ಸಾಲೂ ಇಲ್ಲ ಅಂತ ಗೊತ್ತಾಗಿ ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ. ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿರುವುದು.

ಡೇಟಾಬೇಸ್ ತೆಗೆಯುವುದು ಎಫ್‌ಟಿಪಿಗಿಂತ ಸುಲಭ. ಸಿಪ್ಯಾನೆಲ್‌ನಲ್ಲಿ ‘ಪಿಎಚ್‌ಪಿ ಮೈ ಅಡ್ಮಿನ್’ ತೆರೆಯಿರಿ. ಎಡಗಡೆ ನಿಮ್ಮ ಡೇಟಾಬೇಸ್ ಹೆಸರು ಇರುತ್ತದೆ. ಎರಡು ಮೂರು ಹೆಸರಿದ್ದು ಯಾವುದು ಅಂತ ಗೊತ್ತಾಗದಿದ್ದರೆ, ನೀವು ಇಳಿಸಿಕೊಂಡ ಫೈಲ್‌ಗಳಲ್ಲಿ ಡಬ್ಲ್ಯುಪಿ-ಕಾನ್ಫಿಗ್ ಡಾಟ್ ಪಿಎಚ್‌ಪಿ ಅಂತ ಒಂದಿದೆ, ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಡಿಬಿ ನೇಮ್ ಎಂಬ ಸಾಲಿನಲ್ಲಿ ಸರಿಯಾದ ಹೆಸರು ಸಿಗುತ್ತದೆ. ಅದರ ಮೇಲೆ ಒತ್ತಿ, ‘ಎಕ್ಸ್‌ಪೋರ್ಟ್’ ಕೊಟ್ಟು, ಎಸ್‌ಕ್ಯುಎಲ್ ಅಂತ ಆರಿಸಿ ಇಳಿಸಿಕೊಳ್ಳಿ. ಡೇಟಾಬೇಸ್ ತೀರಾ ದೊಡ್ಡದಾಗಿದ್ದು ಮಧ್ಯದಲ್ಲಿ ನಿಂತುಹೋದರೆ ಸಿಪ್ಯಾನೆಲ್‌ನ ‘ಬ್ಯಾಕಪ್’ ಪುಟದಿಂದಲೇ ಡೇಟಾಬೇಸನ್ನು ಬೇರೆಯಾಗಿ ಇಳಿಸಿಕೊಳ್ಳಬಹುದು.

ಇಳಿದ ಆ ಫೈಲನ್ನು ಹಾಗೇ ಎತ್ತಿಡಬೇಡಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂಥದ್ದರಲ್ಲಿ ತೆರೆದು, ನಿಮ್ಮ ಯಾವುದಾದರೂ ಹಳೇ ಲೇಖನದ ಒಂದು ಕನ್ನಡ ಪದ ಹಾಕಿ ಹುಡುಕಿ. ಕನ್ನಡ ಕನ್ನಡವಾಗೇ ಕಂಡರೆ ಸರಿ. ಕೆಲವೊಮ್ಮೆ ಕನ್ನಡದ ಬದಲು ವಿಚಿತ್ರ ಗುರುತುಗಳು ಕಾಣುತ್ತವೆ, ‘ಕ’ ಇರಬೇಕಾದ ಕಡೆ ತಲೆ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ಎ, ಅದರ ಪಕ್ಕ ಪುಟಾಣಿ 2, ಅದರ ಪಕ್ಕ ಒಂದು ದಪ್ಪ ಚುಕ್ಕಿ. ಇದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಅನ್ನುವ ಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟ್ ಬೇಕು. ಯಾರೋ ಆ ಮೂರು ಬೈಟನ್ನು ಮೂರು ಬೇರೆ ಅಕ್ಷರ ಅಂತ ಓದಿದ್ದಾರೆ, ಅಷ್ಟೇ. ಬೈಟ್‌ಗಳು ಉಳಿದಿವೆ, ತಿಳಿದವರು ವಾಪಸ್ ಕನ್ನಡ ಮಾಡಿಕೊಡುತ್ತಾರೆ. ಹೆದರಬೇಕಾದದ್ದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡಾಗ. ಸಾಲಿಗೆ ಸಾಲು ಬರೀ ಪ್ರಶ್ನೆ ಗುರುತೇ ಇದ್ದರೆ ಆ ಪ್ರತಿಯಲ್ಲಿ ಕನ್ನಡ ಸತ್ತುಹೋಗಿದೆ, ಅದರಿಂದ ಏನೂ ವಾಪಸ್ ಬರುವುದಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಅಕ್ಷರ ಸಂಕೇತ ಯುಟಿಎಫ್-8 ಇದೆಯೇ ನೋಡಿ ಮತ್ತೆ ತೆಗೆಯಿರಿ. ಹೊಸ ಹೋಸ್ಟಿಂಗ್‌ನಲ್ಲಿ ಡೇಟಾಬೇಸ್ ಮಾಡುವಾಗಲೂ ಯುಟಿಎಫ್-8 ಎಂಬಿ-4 ಅಂತಲೇ ಇರಬೇಕು. ಇಂಗ್ಲಿಷ್ ಸೈಟಿನವರಿಗೆ ಈ ತಲೆನೋವು ಕಣ್ಣಿಗೇ ಬೀಳುವುದಿಲ್ಲ, ಅವರ ಅಕ್ಷರಗಳು ಯಾವ ಸಂಕೇತದಲ್ಲಾದರೂ ಪಾರಾಗುತ್ತವೆ. ನಮಗೆ ಹಾಗಲ್ಲ, ನೋಡಿಯೇ ಮುಂದುವರಿಯಬೇಕು.

ನಿಮ್ಮ ಫೋಟೋ ಸಮಸ್ಯೆಯೂ ಇದರ ಸೋದರಸಂಬಂಧಿಯೇ. ಅಣ್ಣ ಹಳೇ ಮ್ಯಾಕ್‌ನಿಂದ ಹಾಕಿದ್ದು ಅಂದಿರಲ್ಲ, ಅಲ್ಲೇ ಸುಳಿವು ಇದೆ. ‘ಜೋಗ’ ಅಂತ ಒಂದು ಫೋಟೋಗೆ ಹೆಸರಿಟ್ಟಿದ್ದೀರಿ ಅಂದುಕೊಳ್ಳಿ. ವಿಂಡೋಸ್‌ನಲ್ಲಿ ಟೈಪ್ ಮಾಡಿದರೆ ಅದು ಮೂರು ತುಂಡು: ಜ, ಓತ್ವ, ಗ. ಆದರೆ ಆ ಓತ್ವವನ್ನು ಬಿಡಿಸಿ ಬರೆಯುವುದಕ್ಕೂ ಯುನಿಕೋಡ್‌ನಲ್ಲಿ ಅವಕಾಶ ಇದೆ: ಎತ್ವ, ಅದರ ಮುಂದೆ ಕೊಂಬಿನ ದೀರ್ಘ, ಅದರ ಮುಂದೆ ಇನ್ನೊಂದು ದೀರ್ಘದ ಗುರುತು. ಹಳೇ ಮ್ಯಾಕ್‌ಗಳು ಫೈಲ್ ಹೆಸರನ್ನು ಹೀಗೆ ಬಿಡಿಸಿಯೇ ಇಟ್ಟುಕೊಳ್ಳುತ್ತಿದ್ದವು. ಆಗ ‘ಜೋಗ’ ಐದು ತುಂಡಾಗುತ್ತದೆ. ಕಣ್ಣಿಗೆ ಎರಡೂ ಒಂದೇ. ಲಿನಕ್ಸ್ ಸರ್ವರಿಗೆ ಎರಡೂ ಬೇರೆ ಬೇರೆ ಹೆಸರು. ಲೇಖನದಲ್ಲಿ ನೀವು ಕೊಟ್ಟಿದ್ದು ಮೂರು ತುಂಡಿನ ಜೋಗ, ಸರ್ವರಿನಲ್ಲಿ ಕೂತಿರುವುದು ಐದು ತುಂಡಿನ ಜೋಗ. ಫೋಟೋ ಕಾಣುವುದಿಲ್ಲ. ನಿಮ್ಮ ಸೈಟಿನಲ್ಲಿ ಕಾಣದ ಫೋಟೋಗಳ ಹೆಸರುಗಳನ್ನೊಮ್ಮೆ ನೋಡಿ. ದೀರ್ಘ ಇರುವ ಹೆಸರುಗಳೇ ಅದರಲ್ಲಿ ಜಾಸ್ತಿ ಇದ್ದರೆ ಇದೇ ಕಾರಣ ಅಂತ ಖಾತ್ರಿ ಮಾಡಿಕೊಳ್ಳಬಹುದು.

ಸರಿ ಮಾಡುವುದು ಕಷ್ಟವಲ್ಲ. ಫೈಲ್‌ಜಿಲ್ಲಾದಲ್ಲಿ ಬಲಗಡೆ ಆ ಫೈಲ್ ಆರಿಸಿ ‘ರೀನೇಮ್’ ಕೊಟ್ಟು, ಹೆಸರನ್ನು ಪೂರ್ತಿ ಅಳಿಸಿ, ವಿಂಡೋಸಿನಲ್ಲಿ ಕನ್ನಡದಲ್ಲಿ ಹೊಸದಾಗಿ ಟೈಪ್ ಮಾಡಿ. ಫೋಟೋ ಕಾಣತೊಡಗುತ್ತದೆ. ಇನ್ನು ಮುಂದೆ ಮಾತ್ರ ಫೈಲ್ ಹೆಸರುಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಜಾಗ ಬಿಡದೆ, ಮಧ್ಯೆ ಚಿಕ್ಕ ಗೆರೆ ಹಾಕಿ ಇಡಿ. ಇದನ್ನು ಹೇಳುವಾಗ ನನಗೂ ಬೇಜಾರಾಗುತ್ತದೆ. ಕನ್ನಡದ ಸೈಟಿಗೆ ಕನ್ನಡದ ಹೆಸರೇ ಚೆಂದ, ಪುಟದ ಶೀರ್ಷಿಕೆ, ಫೋಟೋ ಕೆಳಗಿನ ಬರಹ ಎಲ್ಲ ಕನ್ನಡದಲ್ಲೇ ಇರಲಿ. ಆದರೆ ಫೈಲಿನ ಹೆಸರು ನಾಲ್ಕು ಯಂತ್ರ ದಾಟಿ ಹೋಗಬೇಕು, ಜಿಪ್ಪಿನೊಳಗೆ ಹೋಗಿ ಬರಬೇಕು, ಅಲ್ಲಿ ಎಲ್ಲೋ ಒಂದು ಕಡೆ ಮುರಿಯುತ್ತದೆ. ಪುಟದ ವಿಳಾಸದಲ್ಲೂ ಅಷ್ಟೇ: ವರ್ಡ್‌ಪ್ರೆಸ್ ಒಂದು ವಿಳಾಸದ ತುಂಡಿಗೆ 200 ಅಕ್ಷರದ ಮಿತಿ ಇಟ್ಟಿದೆ, ಕನ್ನಡದ ಒಂದು ಚಿಹ್ನೆ ಅಲ್ಲಿ 9 ಅಕ್ಷರ ತಿನ್ನುತ್ತದೆ, ಹಾಗಾಗಿ 22 ಚಿಹ್ನೆ ದಾಟಿದ ಮೇಲೆ ವಿಳಾಸ ಕತ್ತರಿಸಿ ಹೋಗುತ್ತದೆ. ಉದ್ದ ಶೀರ್ಷಿಕೆಯ ಲೇಖನಗಳ ವಿಳಾಸ ಅರ್ಧಕ್ಕೇ ನಿಂತಿರುವುದನ್ನು ನೀವೂ ನೋಡಿರಬಹುದು.

ಎಫ್‌ಟಿಪಿ ಸೇಫ್ ಅಲ್ಲ ಅಂದವರು ಸರಿಯಾಗೇ ಹೇಳಿದ್ದಾರೆ. ಎಫ್‌ಟಿಪಿಯ ಮೊದಲ ಬರಹ ಬಂದಿದ್ದು 1971ರ ಏಪ್ರಿಲ್‌ನಲ್ಲಿ. ಬರೆದವರು ಅಭಯ್ ಭೂಷಣ್, ಕಾನ್ಪುರ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದವರು. ಆಗ ನೆಟ್‌ವರ್ಕ್ ಅಂದರೆ ಬೆರಳೆಣಿಕೆಯ ವಿಶ್ವವಿದ್ಯಾಲಯ, ಪ್ರಯೋಗಾಲಯಗಳ ಕಂಪ್ಯೂಟರುಗಳು ಅಷ್ಟೇ. ಮಧ್ಯದಲ್ಲಿ ಯಾರೋ ಕೂತು ಕದ್ದು ಓದುತ್ತಾರೆ ಅನ್ನುವ ಚಿಂತೆ ಇರಲಿಲ್ಲ. ಹಾಗಾಗಿ ಬರೀ ಎಫ್‌ಟಿಪಿಯಲ್ಲಿ ನಿಮ್ಮ ಹೆಸರು, ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ಹೋಗುತ್ತವೆ. ಬಸ್ಸಿನಲ್ಲಿ ನಿಂತು ಫೋನಿನಲ್ಲಿ ಎಟಿಎಂ ಪಿನ್ ಗಟ್ಟಿಯಾಗಿ ಹೇಳಿದ ಹಾಗೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಎಫ್‌ಟಿಪಿಯನ್ನು ಪೂರ್ತಿ ಕೈಬಿಟ್ಟವು.

ಇದಕ್ಕೆ ಹೊಸ ಪ್ರೋಗ್ರಾಮ್ ಏನೂ ಬೇಡ, ಫೈಲ್‌ಜಿಲ್ಲಾದಲ್ಲೇ ಆಗುತ್ತದೆ. ಮೇಲಿನ ಪಟ್ಟಿಯಲ್ಲಿ ಹೆಸರು, ಪಾಸ್‌ವರ್ಡ್ ತುಂಬಿ ‘ಕ್ವಿಕ್ ಕನೆಕ್ಟ್’ ಒತ್ತುವ ಅಭ್ಯಾಸ ಬಿಡಿ. ಫೈಲ್ ಮೆನುವಿನಲ್ಲಿ ‘ಸೈಟ್ ಮ್ಯಾನೇಜರ್’ ತೆರೆದು ಹೊಸ ಸೈಟ್ ಮಾಡಿ. ‘ಪ್ರೊಟೊಕಾಲ್’ ಅಂತ ಇರುವ ಕಡೆ ಎಸ್‌ಎಫ್‌ಟಿಪಿ ಆರಿಸಿ, ಪೋರ್ಟ್ 22. ಅದರಲ್ಲಿ ಪಾಸ್‌ವರ್ಡ್, ಫೈಲ್ ಎಲ್ಲ ಬೀಗ ಹಾಕಿಯೇ ಹೋಗುತ್ತವೆ. ನಿಮ್ಮ ಹೋಸ್ಟಿಂಗ್‌ನವರು ಬೇರೆ ಪೋರ್ಟ್ ಇಟ್ಟಿದ್ದರೆ ಅವರ ಸಹಾಯ ಪುಟದಲ್ಲಿ ಇರುತ್ತದೆ. ಎಸ್‌ಎಫ್‌ಟಿಪಿ ಕೊಡದಿದ್ದರೆ ಎಫ್‌ಟಿಪಿಯನ್ನೇ ಇಟ್ಟುಕೊಂಡು, ಕೆಳಗಿನ ‘ಎನ್‌ಕ್ರಿಪ್ಶನ್’ನಲ್ಲಿ ‘ರಿಕ್ವೈರ್ ಎಕ್ಸ್‌ಪ್ಲಿಸಿಟ್ ಎಫ್‌ಟಿಪಿ ಓವರ್ ಟಿಎಲ್‌ಎಸ್’ ಆರಿಸಿ. ‘ರಿಕ್ವೈರ್’ ಅಂದರೆ ಬೀಗ ಇಲ್ಲದೆ ಮಾತೇ ಬೇಡ ಅಂತ. ಎಸ್‌ಎಫ್‌ಟಿಪಿಯಲ್ಲಿ ಇನ್ನೊಂದು ಅನುಕೂಲ ಇದೆ, ಅದರಲ್ಲಿ ಎಲ್ಲ ಒಂದೇ ಕನೆಕ್ಷನ್ನಿನಲ್ಲಿ ಹೋಗುತ್ತದೆ, ಫೈಲ್ ಪಟ್ಟಿ ಬರದೆ ಅರ್ಧಕ್ಕೇ ನಿಲ್ಲುವ ಗೋಳು ಬಹಳ ಕಡಿಮೆ.

ಇನ್ನು ಆ ಚೀಟಿ. ಅದರಲ್ಲಿರುವ ಪಾಸ್‌ವರ್ಡ್ ಇವತ್ತೇ ಬದಲಾಯಿಸಿ. ಮಾಡಿಕೊಟ್ಟ ಹುಡುಗನ ಮೇಲೆ ಅನುಮಾನ ಅಂತ ಅಲ್ಲ. ವರ್ಷಗಟ್ಟಲೆ ಬೀಗ ಇಲ್ಲದ ಎಫ್‌ಟಿಪಿಯಲ್ಲಿ ಓಡಾಡಿದ ಪಾಸ್‌ವರ್ಡ್ ಅದು, ಎಲ್ಲೆಲ್ಲಿ ಉಳಿದಿದೆಯೋ. ಫೈಲ್‌ಜಿಲ್ಲಾದ ಸೆಟ್ಟಿಂಗ್‌ನಲ್ಲಿ ‘ಮಾಸ್ಟರ್ ಪಾಸ್‌ವರ್ಡ್’ ಅಂತ ಇದೆ, ಅದನ್ನೂ ಹಾಕಿಕೊಳ್ಳಿ. ಇಲ್ಲದಿದ್ದರೆ ನೀವು ಉಳಿಸಿದ ಪಾಸ್‌ವರ್ಡ್‌ಗಳು ಲ್ಯಾಪ್‌ಟಾಪಿನ ಒಂದು ಫೈಲಿನಲ್ಲಿ ಹೆಚ್ಚು ಕಡಿಮೆ ಬಿಚ್ಚಿಟ್ಟ ಹಾಗೇ ಇರುತ್ತವೆ.

ಈಗ ಎಡ, ಬಲ. ಫೈಲ್‌ಜಿಲ್ಲಾದಲ್ಲಿ ಎಡಗಡೆ ನಿಮ್ಮ ಲ್ಯಾಪ್‌ಟಾಪ್, ಬಲಗಡೆ ಸರ್ವರ್. ಬಲದಿಂದ ಎಡಕ್ಕೆ ಎಳೆದರೆ ಬ್ಯಾಕಪ್. ಎಡದಿಂದ ಬಲಕ್ಕೆ ಎಳೆದರೆ ನಡೆಯುತ್ತಿರುವ ಸೈಟಿನ ಮೇಲೆ ಹಳೇ ಫೈಲ್ ಕೂರುತ್ತದೆ. ಬಹಳ ವರ್ಷದ ಹಿಂದೆ ನಾನೊಂದು ಸಣ್ಣ ಪತ್ರಿಕೆಯ ಸೈಟ್ ನೋಡಿಕೊಳ್ಳುತ್ತಿದ್ದೆ. ಡೇಟಾಬೇಸ್ ಇರಲಿಲ್ಲ, ಒಂದೊಂದು ಪುಟವೂ ಒಂದೊಂದು ಫೈಲ್. ಸಂಪಾದಕರು ಸರ್ವರಿನಲ್ಲೇ ನೇರವಾಗಿ ತಿದ್ದುತ್ತಿದ್ದರು, ನನ್ನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಮೂರು ತಿಂಗಳ ಹಿಂದಿನ ಪ್ರತಿ. ಒಂದು ಸಂಜೆ ಒಂದೇ ಒಂದು ಫೋಟೋ ಏರಿಸಬೇಕಿತ್ತು, ಇಡೀ ಫೋಲ್ಡರ್ ಆಯ್ಕೆಯಾಗಿದ್ದನ್ನು ನೋಡದೆ ಎಳೆದೆ. ‘ಈ ಫೈಲ್ ಆಗಲೇ ಇದೆ, ಏನು ಮಾಡಲಿ’ ಅಂತ ಅದು ಕೇಳಿತು. ‘ಓವರ್‌ರೈಟ್’, ಮತ್ತೆ ಕೇಳಬೇಡ ಅಂತ ಟಿಕ್ಕೂ ಹಾಕಿದೆ. ಒಂದು ನಿಮಿಷದೊಳಗೆ ಮೂರು ತಿಂಗಳ ತಿದ್ದುಪಡಿ ಹೋಯಿತು. ಎಫ್‌ಟಿಪಿಯಲ್ಲಿ ರೀಸೈಕಲ್ ಬಿನ್ ಇಲ್ಲ, ಅನ್‌ಡೂ ಇಲ್ಲ. ಸಂಪಾದಕರು ಮುದ್ರಿತ ಸಂಚಿಕೆಗಳನ್ನು ಪಕ್ಕದಲ್ಲಿಟ್ಟುಕೊಂಡು ವಾರಗಟ್ಟಲೆ ಮತ್ತೆ ತಿದ್ದಿದರು, ಅವರ ಜೊತೆ ನಾನೂ ಕೂತೆ. ಅವತ್ತಿನಿಂದ ಏರಿಸುವ ಮುಂಚೆ ಬಲಗಡೆಯದನ್ನು ಒಮ್ಮೆ ಇಳಿಸಿಕೊಳ್ಳದೆ ನಾನು ಏನನ್ನೂ ಮುಟ್ಟಿಲ್ಲ.

ಹಾಗಾಗಿ ಆ ಪ್ರಶ್ನೆ ಬಂದಾಗ ಒಂದು ಉಸಿರು ನಿಂತು ನೋಡಿ. ಇಳಿಸುವಾಗ ‘ಸೈಜ್ ಬೇರೆ ಇದ್ದರೆ ಅಥವಾ ಮೂಲ ಹೊಸದಾಗಿದ್ದರೆ ಮಾತ್ರ ಓವರ್‌ರೈಟ್’ ಎಂಬ ಆಯ್ಕೆ ಒಳ್ಳೆಯದು. ಅದು ಸರಿಯಾಗಿ ಕೆಲಸ ಮಾಡಬೇಕಾದರೆ ಎರಡು ಸೆಟ್ಟಿಂಗ್ ಬೇಕು. ‘ಟ್ರಾನ್ಸ್‌ಫರ್’ ಮೆನುವಿನಲ್ಲಿ ‘ಪ್ರಿಸರ್ವ್ ಟೈಮ್‌ಸ್ಟ್ಯಾಂಪ್ಸ್’ ಟಿಕ್ ಮಾಡಿ, ಆಗ ಫೈಲಿನ ಮೂಲ ದಿನಾಂಕ ಉಳಿಯುತ್ತದೆ. ಅದೇ ಮೆನುವಿನಲ್ಲಿ ‘ಟ್ರಾನ್ಸ್‌ಫರ್ ಟೈಪ್’ ಅನ್ನು ‘ಬೈನರಿ’ ಮಾಡಿ. ಇಲ್ಲದಿದ್ದರೆ ಪಠ್ಯದ ಫೈಲ್‌ಗಳಲ್ಲಿ ಸಾಲಿನ ಕೊನೆಯ ಗುರುತನ್ನು ಅದು ವಿಂಡೋಸಿಗೆ ತಕ್ಕಂತೆ ಬದಲಾಯಿಸುತ್ತದೆ, ಸೈಜ್ ತಾಳೆಯಾಗುವುದಿಲ್ಲ. ಮತ್ತೆ ‘ಸರ್ವರ್’ ಮೆನುವಿನಲ್ಲಿ ‘ಫೋರ್ಸ್ ಶೋಯಿಂಗ್ ಹಿಡನ್ ಫೈಲ್ಸ್’ ಹಾಕಿ. ಚುಕ್ಕಿಯಿಂದ ಶುರುವಾಗುವ ‘ಡಾಟ್ ಎಚ್‌ಟಿಆಕ್ಸೆಸ್’ ಅನ್ನುವ ಫೈಲ್ ಕೆಲವು ಸರ್ವರ್‌ಗಳಲ್ಲಿ ಕಾಣದೆ ಉಳಿದುಬಿಡುತ್ತದೆ. ಅದಿಲ್ಲದಿದ್ದರೆ ಹೊಸ ಜಾಗದಲ್ಲಿ ಮುಖಪುಟ ಮಾತ್ರ ತೆರೆದು ಒಳಪುಟಗಳು ಸಿಗದೇ ಹೋಗಬಹುದು.

ಎಲ್ಲ ಫೈಲೂ ಅಷ್ಟೇ ಮುಖ್ಯ ಅಲ್ಲ. ಡಬ್ಲ್ಯುಪಿ-ಅಡ್ಮಿನ್, ಡಬ್ಲ್ಯುಪಿ-ಇನ್‌ಕ್ಲೂಡ್ಸ್ ಫೋಲ್ಡರ್‌ಗಳು ವರ್ಡ್‌ಪ್ರೆಸ್‌ನವರದ್ದು, ಅವರ ಸೈಟಿನಲ್ಲಿ ಯಾವಾಗ ಬೇಕಾದರೂ ಸಿಗುತ್ತವೆ. ಕ್ಯಾಶ್ ಅಂತ ಹೆಸರಿರುವ ಫೋಲ್ಡರ್ ಬೇಡವೇ ಬೇಡ. ನಿಮ್ಮ ಜೀವ ಇರುವುದು ಡಬ್ಲ್ಯುಪಿ-ಕಂಟೆಂಟ್ ಒಳಗಿನ ‘ಅಪ್‌ಲೋಡ್ಸ್’ನಲ್ಲಿ. ಅದರಲ್ಲಿ ವರ್ಷ, ತಿಂಗಳಿನ ಪ್ರಕಾರ ಫೋಲ್ಡರ್ ಇರುತ್ತವೆ, ಹಾಗಾಗಿ ಮುಂದಿನ ತಿಂಗಳಿಂದ ಆ ತಿಂಗಳ ಫೋಲ್ಡರ್ ಒಂದನ್ನು ಇಳಿಸಿಕೊಂಡರೆ ಸಾಕು, ಅದು ಐದು ನಿಮಿಷದ ಕೆಲಸ. ಜೊತೆಗೆ ಥೀಮ್ಸ್, ಪ್ಲಗಿನ್ಸ್, ಮೇಲೆ ಹೇಳಿದ ಕಾನ್ಫಿಗ್ ಫೈಲ್, ಎಚ್‌ಟಿಆಕ್ಸೆಸ್. ಡೇಟಾಬೇಸ್ ಮಾತ್ರ ವಾರಕ್ಕೊಮ್ಮೆ ತೆಗೆಯಿರಿ. ಕೈಯಲ್ಲಿ ಮಾಡಿದರೆ ಮರೆತುಹೋಗುತ್ತದೆ ಅನಿಸಿದರೆ ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಪ್ಲಗಿನ್ ಹಾಕಿ, ಅದು ಫೈಲ್, ಡೇಟಾಬೇಸ್ ಎರಡನ್ನೂ ತಾನೇ ಗೂಗಲ್ ಡ್ರೈವ್‌ಗೆ ಕಳಿಸುತ್ತದೆ. ಆದರೂ ತಿಂಗಳಿಗೊಂದು ಪ್ರತಿ ನಿಮ್ಮ ಕೈಯಲ್ಲಿ ಇರಲಿ.

ಪ್ರತಿ ಸಲವೂ ಹೊಸ ಫೋಲ್ಡರ್ ಮಾಡಿ, ದಿನಾಂಕವನ್ನೇ ಹೆಸರಿಡಿ. ಹಳೇದರ ಮೇಲೆ ಹಾಕಬೇಡಿ. ಸೈಟಿಗೆ ಯಾರೋ ನುಗ್ಗಿ ಕೆಟ್ಟ ಕೋಡ್ ಇಟ್ಟಿದ್ದು ಎರಡು ತಿಂಗಳ ಮೇಲೆ ಗೊತ್ತಾಗುವುದೂ ಉಂಟು, ಆಗ ನಿಮ್ಮ ನಿನ್ನೆಯ ಬ್ಯಾಕಪ್ಪಿನಲ್ಲೂ ಅದೇ ಕೊಳೆ ಇರುತ್ತದೆ. ಒಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ನಿಮ್ಮಲ್ಲಿರಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲೋ ಕ್ಲೌಡ್‌ನಲ್ಲೋ. ಹೋಸ್ಟಿಂಗ್‌ನವರೇ ಬ್ಯಾಕಪ್ ಇಟ್ಟಿರುತ್ತಾರೆ ಅಂತ ನಂಬಿ ಕೂರಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಸರ್ವರ್ ಇದ್ದ ಜಾಗದಲ್ಲೇ ಬ್ಯಾಕಪ್ಪೂ ಇದ್ದ ಗಿರಾಕಿಗಳಿಗೆ ಎರಡೂ ಒಟ್ಟಿಗೇ ಸುಟ್ಟುಹೋದವು.

ಕೊನೆಗೆ, ತಂದದ್ದು ನಿಜವಾಗಿ ಏಳುತ್ತದಾ ಅಂತ ಒಂದು ಸಲ ಎಬ್ಬಿಸಿ ನೋಡಿ. 2017ರ ಜನವರಿ 31ರಂದು ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್‌ಗೆ ಅಂತ ಇದ್ದ ಐದು ವ್ಯವಸ್ಥೆಗಳಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿಲ್ಲ ಅಂತ ಆಗಲೇ ಗೊತ್ತಾಗಿದ್ದು. ಅಷ್ಟು ತಿಳಿದವರ ಕಥೆಯೇ ಹೀಗಾದರೆ ನಾವು ಪರೀಕ್ಷೆ ಮಾಡದೆ ಇರಬಾರದು, ಅಲ್ವಾ. ಲ್ಯಾಪ್‌ಟಾಪಿಗೆ ಎಕ್ಸ್‌ಎಎಂಪಿಪಿ ಹಾಕಿಕೊಂಡರೆ ಅದೇ ಒಂದು ಪುಟ್ಟ ಸರ್ವರ್ ಆಗುತ್ತದೆ. ಅಥವಾ ಹೊಸ ಹೋಸ್ಟಿಂಗ್ ಆಗಲೇ ತೆಗೆದುಕೊಂಡಿದ್ದರೆ ಅಲ್ಲೇ ಒಂದು ಸಬ್‌ಡೊಮೇನ್ ಮಾಡಿ. ಫೈಲ್ ಹಾಕಿ, ಡೇಟಾಬೇಸ್ ಇಂಪೋರ್ಟ್ ಮಾಡಿ, ಕಾನ್ಫಿಗ್ ಫೈಲಿನಲ್ಲಿ ಹೊಸ ಡೇಟಾಬೇಸಿನ ಹೆಸರು, ಪಾಸ್‌ವರ್ಡ್ ಕೊಡಿ. ಆಪ್ಷನ್ಸ್ ಟೇಬಲ್‌ನಲ್ಲಿ ಸೈಟಿನ ವಿಳಾಸ ಎರಡು ಕಡೆ ಇರುತ್ತದೆ, ಅದನ್ನೂ ಬದಲಾಯಿಸಿ, ಇಲ್ಲದಿದ್ದರೆ ಅದು ನಿಮ್ಮನ್ನು ಹಳೇ ಸೈಟಿಗೇ ಕಳಿಸುತ್ತದೆ. ಆಮೇಲೆ ನೆಟ್ ಆಫ್ ಮಾಡಿ ನೋಡುವುದು ಎಕ್ಸ್‌ಎಎಂಪಿಪಿಯಲ್ಲಿ ಇರುವ ದೊಡ್ಡ ಲಾಭ. ಆಗಲೂ ಫೋಟೋ ಕಂಡರೆ, ಆಡಿಯೋ ಓಡಿದರೆ, ಅದು ನಿಜವಾಗಿ ನಿಮ್ಮ ಲ್ಯಾಪ್‌ಟಾಪಿನಿಂದಲೇ ಬರುತ್ತಿದೆ ಅಂತ ಅರ್ಥ. ಅತಿ ಹಳೇ ಲೇಖನ ಒಂದು, ಮಧ್ಯದ್ದು ಒಂದು, ಮೊನ್ನೆಯದು ಒಂದು ತೆರೆಯಿರಿ. ಒಂದು ಉದ್ದದ ಧ್ವನಿಮುದ್ರಣವನ್ನು ಕೊನೆಯ ಎರಡು ನಿಮಿಷಕ್ಕೆ ಎಳೆದು ಕೇಳಿ. ಅರ್ಧ ಇಳಿದ ಫೈಲ್ ಮೊದಲಿಗೆ ಚೆನ್ನಾಗೇ ಕೇಳಿಸುತ್ತದೆ, ಮಂಗಳದ ಹೊತ್ತಿಗೆ ನಿಂತಿರುತ್ತದೆ.

ಹೊಸ ಜಾಗದಲ್ಲಿ ಫೋಟೋ ಏರುತ್ತಿಲ್ಲ ಅಂದರೆ ಯಾರಾದರೂ ಫೋಲ್ಡರಿಗೆ 777 ಅನುಮತಿ, ಅಂದರೆ ಎಲ್ಲರೂ ಓದಿ ಬರೆಯುವ ಅನುಮತಿ, ಕೊಡಿ ಅಂತಾರೆ. ಕೇಳಬೇಡಿ, ಅದು ಬಾಗಿಲು ಕಿತ್ತಿಟ್ಟ ಹಾಗೆ. ಫೋಲ್ಡರಿಗೆ 755, ಫೈಲಿಗೆ 644, ಕಾನ್ಫಿಗ್ ಫೈಲಿಗೆ 640 ಇಟ್ಟು ನೋಡಿ.

ನೀವು ಕೇಳದೇ ಇದ್ದ ಒಂದು ಮಾತು. ಸೈಟಿನಲ್ಲಿರುವ ಆಡಿಯೋ ಎಂಪಿ3 ಇರಬೇಕು. ಅದನ್ನು ಮಾಡಿದ ಮೂಲ ಧ್ವನಿಮುದ್ರಣ, ಕ್ಯಾಸೆಟ್ಟಿನಿಂದ ಇಳಿಸಿದ ದೊಡ್ಡ ಫೈಲ್‌ಗಳು ಎಲ್ಲಿವೆ ಅಂತ ಅಣ್ಣನನ್ನು ಕೇಳಿ. ಅವು ಸರ್ವರಿನಲ್ಲಿ ಇರುವುದಿಲ್ಲ, ಆ ಹಳೇ ಮ್ಯಾಕ್‌ನಲ್ಲೇ ಇರುವ ಸಾಧ್ಯತೆ ಜಾಸ್ತಿ. ಅದು ಕೆಡುವ ಮುಂಚೆ ಅವನ್ನೂ ಇದೇ ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳಿ. 312ರಲ್ಲಿ ಮೂರು ಸಲ ಪ್ರಯತ್ನಿಸಿದ ಮೇಲೂ ಎಷ್ಟು ಉಳಿಯಿತು, ಆ ‘ರೆಸ್ಪಾನ್ಸ್’ ಸಾಲಿನಲ್ಲಿ ಯಾವ ನಂಬರ್ ಇದೆ ಅಂತ ಬರೆದು ಕಳಿಸಿ. ಪಾಸ್‌ವರ್ಡ್ ಮಾತ್ರ ಯಾರಿಗೂ ಕಳಿಸಬೇಡಿ, ನನಗೂ ಬೇಡ.